ನಾಟಿ ಸಾಲಿನಲ್ಲಿ ಗೋ, ವೆಂಟ್, ಗಾನ್

ನಾನು ಹೊಸಪೇಟೆಯ ಒಂದು ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಕಲಿಸುತ್ತೇನೆ ಎನ್ನುವುದಕ್ಕಿಂತ ಬೈಯುತ್ತೇನೆ ಎಂದರೆ ನನ್ನ ವಿದ್ಯಾರ್ಥಿಗಳು ಬೇಗ ಒಪ್ಪುತ್ತಾರೆ. ‘ಡಿಡ್ ನಾಟ್ ವೆಂಟ್’ ಎಂದು ಯಾರಾದರೂ ಬರೆದರೆ ನನ್ನ ಪಿತ್ತ ನೆತ್ತಿಗೇರುತ್ತದೆ. ಕೆಂಪು ಪೆನ್ನು ಸದಾ ಬ್ಯಾಗಿನಲ್ಲಿರುತ್ತದೆ. ಲಗ್ನಪತ್ರಿಕೆ ಕೈಗೆ ಬಂದರೆ ಮದುಮಕ್ಕಳ ಹೆಸರು ನೋಡುವ ಮೊದಲು ತಪ್ಪು ಹುಡುಕುತ್ತೇನೆ. ನಾನು ಬಾಡಿಗೆಗಿರುವ ಚಿತ್ತವಾಡ್ಗಿಯ ಓಣಿಯಲ್ಲಿ ಕಿರಾಣಿ ಅಂಗಡಿಯವರು ಒಮ್ಮೆ ಬಾಗಿಲಿಗೆ ಅಂಟಿಸಿದ್ದ ಇಂಗ್ಲಿಷ್ ಚೀಟಿಯನ್ನು ಅವರೆದುರೇ ತಿದ್ದಿಬಿಟ್ಟಿದ್ದೆ. ಅಂದಿನಿಂದ ಅವರು ನನ್ನ ಹತ್ತಿರ ಕನ್ನಡವನ್ನೂ ಅಳೆದು ತೂಗಿ ಆಡುತ್ತಾರೆ.

ನನ್ನ ಹೆಮ್ಮೆಯ ಆಸ್ತಿ ಒಂದು ಚಾರ್ಟು. ನಾಲ್ಕು ಬಣ್ಣದ ಸ್ಕೆಚ್ ಪೆನ್ನಿನಲ್ಲಿ ನಾಲ್ಕು ಕಂಬ ಎಳೆದು, ಒಂದೊಂದು ಇಂಗ್ಲಿಷ್ ಪದಕ್ಕೂ ಅದರ ರೂಪಗಳನ್ನು ಬರೆದಿದ್ದೇನೆ. ಸಕ್ಸೀಡ್ ಅಂದರೆ ಗೆಲ್ಲುವ ಕೆಲಸ, ಅದು ಕ್ರಿಯಾಪದ. ಸಕ್ಸೆಸ್ ಅಂದರೆ ಗೆಲುವು, ನಾಮಪದ. ಸಕ್ಸೆಸ್‌ಫುಲ್ ಅಂದರೆ ಗೆದ್ದವರನ್ನು ಬಣ್ಣಿಸುವ ಮಾತು. ಸಕ್ಸೆಸ್‌ಫುಲ್ಲಿ ಅಂದರೆ ಹೇಗೆ ಗೆದ್ದರು ಎಂಬ ಮಾತು. ಚಾರ್ಟಿನ ಇನ್ನೊಂದು ಬದಿಗೆ ಗೋ, ವೆಂಟ್, ಗಾನ್‌ನಂಥ ಕ್ರಿಯಾಪದದ ಮೂರು ರೂಪಗಳು. ಮಳೆಗಾಲಕ್ಕೆ ಮುರುಟದಿರಲೆಂದು ಪ್ಲಾಸ್ಟಿಕ್ ಹೊದಿಕೆ ಹಾಕಿಸಿದ್ದೆ. ಇದನ್ನು ಕಂಠಪಾಠ ಮಾಡದವರಿಗೆ ಇಂಗ್ಲಿಷ್ ಬರುವುದೇ ಇಲ್ಲ ಎಂದು ನಾನು ಘಂಟಾಘೋಷವಾಗಿ ಸಾರಿಕೊಂಡು ತಿರುಗುತ್ತಿದ್ದೆ.

ಇಷ್ಟು ಬಿಗುಮಾನದ ನನಗೆ, ಹೆತ್ತ ತಾಯಿಗೇ ಇಂಗ್ಲಿಷ್ ಕಲಿಸುವ ಪ್ರಸಂಗ ಬಂತು.

ಅವ್ವ ಇರುವುದು ಕಂಪ್ಲಿಯಲ್ಲಿ. ಕಾಲುವೆಯ ಕೆಳಗಿನ ಗದ್ದೆಗಳಲ್ಲಿ ಬತ್ತದ ನಾಟಿ ಮಾಡುವ ಹದಿನಾಲ್ಕು ಹೆಂಗಸರ ಗುಂಪಿಗೆ ಅವಳೇ ಮುಂದಾಳು. ನಾನು ಕೂಸಾಗಿದ್ದಾಗಿನಿಂದಲೂ ಅವಳ ಕಾಲು ವರ್ಷದಲ್ಲಿ ನಾಲ್ಕು ತಿಂಗಳು ಕೆಸರಿನಲ್ಲೇ. ಎರಡು ವರ್ಷದ ಹಿಂದೆ ಮಂಡಿ ಬಾತುಕೊಂಡು, ಬಗ್ಗಿದರೆ ಏಳಲಾಗದ ಸ್ಥಿತಿಗೆ ಬಂದಳು. ಹೊಸಪೇಟೆಗೆ ಕರೆತಂದು ತೋರಿಸಿದೆ. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, “ಇನ್ನ ನೀರಾಗ ನಿಂದ್ರೋದು, ಬಗ್ಗೋದು ಎಲ್ಲಾ ಬಂದ್ ಮಾಡ್ರಿ” ಎಂದರು. ಅವ್ವ “ಹೂಂ ರೀ” ಎಂದಳು. ಮರುದಿನ ಗದ್ದೆಗೆ ಇಳಿದಳು.

ಅದೇ ಹೊತ್ತಿಗೆ ಕಂಪ್ಲಿಯ ಹೆಣ್ಣುಮಕ್ಕಳ ಹಾಸ್ಟೆಲ್ಲಿಗೆ ಮುಂದಿನ ವರ್ಷ ಅಡುಗೆಯವರು ಬೇಕಾಗುತ್ತಾರೆ ಎಂಬ ಸುದ್ದಿ ಬಂತು. ನಿಂತು ಮಾಡುವ ಕೆಲಸ, ತಲೆಯ ಮೇಲೆ ಸೂರು, ಕಾಲಿಗೆ ಕೆಸರಿಲ್ಲ. ಒಂದೇ ಅಡ್ಡಿ, ಹತ್ತನೇ ತರಗತಿ ಪಾಸಾಗಿರಬೇಕು. ಅವ್ವ ಒಂಬತ್ತಕ್ಕೇ ಶಾಲೆ ಬಿಟ್ಟು ಮದುವೆಯಾದವಳು. ಖಾಸಗಿಯಾಗಿ ಕಟ್ಟಿ ಬರೆಯಬಹುದು ಎಂದು ನಾನು ಹಟ ಹಿಡಿದೆ. ಅವ್ವನನ್ನು ಕೆಸರಿನಿಂದ ಮೇಲೆ ಎತ್ತಲೇಬೇಕು ಎಂಬುದೊಂದೇ ನನ್ನ ತಲೆಯಲ್ಲಿತ್ತು.

“ಬರೀತೀನಿ, ಆದ್ರ ಒಬ್ಬಾಕಿನ ಇಳಿಯಂಗಿಲ್ಲ” ಎಂದಳು ಅವ್ವ.

“ಅದೇನು ಗದ್ದೇನವ್ವಾ, ಗುಂಪು ಕಟ್ಟಿಕೊಂಡು ಇಳಿಯೋಕೆ?”

“ಮತ್ತೇನು? ಗೊತ್ತಿಲ್ಲದ ನೀರಿಗೆ ಯಾರರ ಒಬ್ಬರ ಇಳೀತಾರೇನ ಮಗಳ?”

ಹಾಗಾಗಿ ಅವಳ ಗುಂಪಿನ ಇನ್ನೂ ಮೂವರು ಸೇರಿಕೊಂಡರು. ಇಬ್ಬರು ವಾರಗಿತ್ತಿಯರು, ಅಂದರೆ ಒಂದೇ ಮನೆಯ ಸೊಸೆಯರು, ಒಬ್ಬರನ್ನು ಬಿಟ್ಟು ಒಬ್ಬರು ನೀರಿಗೂ ಹೋಗದವರು. ಮೂರನೆಯವಳು ನಮ್ಮ ಪಕ್ಕದ ಮನೆಯ ಚಿಗವ್ವ. ರಕ್ತಸಂಬಂಧವಲ್ಲ, ಆದರೆ ಬುದ್ಧಿ ಬಂದಾಗಿನಿಂದ ನಾನು ಅವಳನ್ನು ಚಿಗವ್ವ ಎಂದೇ ಕರೆಯುವುದು. ದಪ್ಪ ದೇಹ, ದೊಡ್ಡ ನಗು, ಎಲ್ಲದರಲ್ಲೂ ನಿಧಾನ. ನಾಟಿಯಲ್ಲಿ ನಿಧಾನ, ಊಟದಲ್ಲಿ ನಿಧಾನ, ಸಿಟ್ಟಾಗುವುದರಲ್ಲಂತೂ ಎಷ್ಟು ನಿಧಾನವೆಂದರೆ ನಾನು ಅದನ್ನು ಇದುವರೆಗೆ ನೋಡಿಲ್ಲ.

ಶನಿವಾರ ಶಾಲೆ ಬಿಟ್ಟ ಕೂಡಲೇ ಚಾರ್ಟನ್ನು ಸುರುಳಿ ಸುತ್ತಿಕೊಂಡು ಕಮಲಾಪುರದ ಮೇಲಿನ ಕಂಪ್ಲಿ ಬಸ್ಸು ಹತ್ತುತ್ತಿದ್ದೆ. ಭಾನುವಾರ ಬೆಳಿಗ್ಗೆ ನಮ್ಮ ಕೇರಿಯ ಪುಟ್ಟ ಬುದ್ಧ ವಿಹಾರದಲ್ಲಿ ವಂದನೆ ಮುಗಿದ ಮೇಲೆ ಅಲ್ಲೇ ಚಾಪೆಯ ಮೇಲೆ ಪಾಠ. ಉಳಿದ ವಿಷಯಗಳು ಹೇಗೋ ಸಾಗಿದವು. ಗಣಿತವನ್ನು ವಾರಗಿತ್ತಿಯರು ನನಗಿಂತ ಚುರುಕಾಗಿ ಮಾಡಿದರು. ಸಮಾಜದಲ್ಲಿ ವಿಜಯನಗರದ ಪಾಠ ಬಂದಾಗ ಚಿಗವ್ವ, “ಆ ಕಾಲವಿ ಕಟ್ಟಿಸಿದೋರು ಅವರ ಅಲ್ಲೇನು? ಅದರ ನೀರಾಗ ನಿಂತು ನಿಂತ ನನ್ನ ಕಾಲು ಹಿಂಗಾಗಿದ್ದು” ಎಂದು ಪಾಠವನ್ನು ಅಲ್ಲಿಗೇ ಮುಗಿಸಿದಳು. ಇಂಗ್ಲಿಷ್ ಮಾತ್ರ ಒಂದಡಿಯೂ ಮುಂದೆ ಹೋಗಲಿಲ್ಲ.

ನನ್ನ ಚಾರ್ಟನ್ನು ಗೋಡೆಗೆ ತೂಗುಹಾಕಿ ಒಂದು ತಿಂಗಳು ಗಂಟಲು ಹರಿದುಕೊಂಡೆ. “ಸಕ್ಸೆಸ್ ಯಾವ ಕಂಬ?” ಎಂದರೆ ಇಬ್ಬರು ಛಾವಣಿ ನೋಡುತ್ತಿದ್ದರು, ಒಬ್ಬಳು ಉಗುರು ನೋಡಿಕೊಳ್ಳುತ್ತಿದ್ದಳು. ಒಂದು ಭಾನುವಾರ ನನ್ನ ತಾಳ್ಮೆ ಕೆಟ್ಟಿತು. ಚಿಗವ್ವ ‘ಚೂಸ್’, ಅಂದರೆ ಆರಿಸು, ಎಂಬ ಪದಕ್ಕೆ ಐದನೇ ಸಲ ತಪ್ಪು ರೂಪ ಹೇಳಿದಾಗ ಕೈಯಲ್ಲಿದ್ದ ಸೀಮೆಸುಣ್ಣವನ್ನು ನೆಲಕ್ಕೆ ಬಡಿದು, “ಎಷ್ಟು ಸಲ ಹೇಳಬೇಕು? ನಿಮ್ಮ ತಲೆಯಲ್ಲಿ ಏನಿದೆ?” ಎಂದು ಕೂಗಿಬಿಟ್ಟೆ. ಬುದ್ಧನ ಮೂರ್ತಿಯ ಎದುರಿಗೇ. ಚಿಗವ್ವ ಬಗ್ಗಿ ಸುಣ್ಣದ ಚೂರುಗಳನ್ನು ಒಂದೊಂದಾಗಿ ಆರಿಸಿ ನನ್ನ ಅಂಗೈಗೆ ಹಾಕಿದಳು. ಆ ರಾತ್ರಿ ಊಟ ರುಚಿಸಲಿಲ್ಲ ಎಂಬುದನ್ನು ಈಗ ಒಪ್ಪಿಕೊಳ್ಳುತ್ತೇನೆ.

ಅವ್ವ ಅವತ್ತು ನನಗೆ ಬೈಯಲಿಲ್ಲ. ಚಾರ್ಟಿನ ಮುಂದೆ ನಿಂತು ಬಹಳ ಹೊತ್ತು ನೋಡಿದಳು. ಆಮೇಲೆ ಉಳಿದವರ ಕಡೆ ತಿರುಗಿ ತಾನೇ ಪಾಠ ಶುರು ಮಾಡಿದಳು.

“ಇದೇನು ದೊಡ್ಡ ಮಾತಲ್ಲ ಕೇಳ್ರೆ. ಒಂದ ಹೆಣ್ಣು. ತವರಾಗ ಮಗಳು ಅಂತಾರ, ಗಂಡನ ಮನ್ಯಾಗ ಸೊಸಿ ಅಂತಾರ, ಹಡದ ಮ್ಯಾಲೆ ಅವ್ವ ಅಂತಾರ. ಹೆಣ್ಣು ಬ್ಯಾರೆ ಆದಳೇನು? ನಿಂತ ಜಾಗ ಬ್ಯಾರೆ, ಮಾಡೋ ಕೆಲಸ ಬ್ಯಾರೆ. ಈ ಸಕ್ಸೆಸ್ಸೂ ಹಂಗ. ಮತ್ತ ಈ ಫುಲ್ಲು ಲೆಸ್ಸು ಐತಲ್ಲ, ಫುಲ್ ಅಂದ್ರ ತುಂಬಿದ ಕೊಡ, ಲೆಸ್ ಅಂದ್ರ ಖಾಲಿ ಕೊಡ. ಕೇರ್‌ಫುಲ್ ಅಂದ್ರ ಎಚ್ಚರ ತುಂಬಿದಾಕಿ. ಕೇರ್‌ಲೆಸ್ ಅಂದ್ರ ನಮ್ಮ ಸಣ್ಣ ವಾರಗಿತ್ತಿ.”

ಎಲ್ಲರೂ ನಕ್ಕರು. ಸಣ್ಣ ವಾರಗಿತ್ತಿಯೂ ನಕ್ಕಳು. ಆರು ವರ್ಷದಿಂದ ನಾನು ಶಾಲೆಯಲ್ಲಿ ನಾಲ್ಕು ಬಣ್ಣದಲ್ಲಿ ಹೇಳುತ್ತಿದ್ದುದನ್ನು ಅವ್ವ ಬಣ್ಣವಿಲ್ಲದೆ ಹೇಳಿ ಮುಗಿಸಿದ್ದಳು. ನನಗೆ ಖುಷಿಯಾಯಿತೆಂದು ಬರೆದರೆ ಸುಳ್ಳಾಗುತ್ತದೆ, ಹೊಟ್ಟೆಕಿಚ್ಚಾಯಿತು.

ಬೇಸಿಗೆ ಬೆಳೆಯ ನಾಟಿ ಶುರುವಾದ ಮೇಲೆ ಪಾಠಕ್ಕೆ ಬರುವವರೇ ಕಡಿಮೆಯಾದರು. ಒಂದು ಭಾನುವಾರ ನಾನೇ ಸಿಟ್ಟಿನಿಂದ ಗದ್ದೆಗೆ ಹೋದೆ. ಬದುವಿನ ಮೇಲೆ ಕಾಲಿಡುತ್ತಿದ್ದಂತೆ ಕೇಳಿಸಿತು. ಸಾಲಿನ ತುದಿಯಿಂದ ಅವ್ವ ರಾಗವಾಗಿ, “ಗೋ…” ಎಂದು ಎಳೆದಳು. ಹದಿಮೂರು ಹೆಂಗಸರು ಬಗ್ಗಿದಲ್ಲಿಂದಲೇ, “ವೆಂಟ್… ಗಾನ್!” ಎಂದು ಮುಗಿಸಿದರು. ಅವರಲ್ಲಿ ಹತ್ತು ಮಂದಿಗೆ ಪರೀಕ್ಷೆಯೇ ಇರಲಿಲ್ಲ. ನಾಟಿಯಲ್ಲಿ ಒಬ್ಬರು ಪದ ಎತ್ತುವುದು, ಉಳಿದವರು ಅದನ್ನು ಮುಗಿಸುವುದು ಹಿಂದಿನಿಂದ ಬಂದ ರೂಢಿ. ಅವ್ವ ಹಾಡಿನ ಜಾಗಕ್ಕೆ ನನ್ನ ಚಾರ್ಟನ್ನು ತಂದು ಕೂರಿಸಿದ್ದಳು. “ನೋ…” “ನ್ಯೂ… ನೋನ್!” “ಚೂಸ್…” “ಚೋಸ್… ಚೋಸನ್!” ಪದ ಮುಗಿಯುವಾಗ ಹದಿನಾಲ್ಕು ಕೈಗಳೂ ಒಟ್ಟಿಗೆ ಸಸಿ ಊರುತ್ತಿದ್ದವು. ಗದ್ದೆಯ ಮಾಲೀಕರು ಬದುವಿನ ಮೇಲೆ ಬೆರಗಾಗಿ ನಿಂತಿದ್ದರು. “ಏನ್ರಿ ಟೀಚರ್, ನನ್ನ ನೆಲ್ಲು ಇಂಗ್ಲಿಷ್ ಮೀಡಿಯಂ ಆಗ್ತೈತೇನು?” ಎಂದು ನನ್ನನ್ನೇ ಕೇಳಿದರು.

ನಾನು ಬದುವಿನ ಮೇಲೆ ಕೂತು ನೋಡಿದೆ. ನಾಟಿ ಮಾಡುವವರು ಮುಂದೆ ಹೋಗುವುದಿಲ್ಲ, ಹಿಂದಕ್ಕೆ ಸರಿಯುತ್ತಾರೆ. ಒಬ್ಬೊಬ್ಬರಿಗೂ ಕೈಗೆಟುಕುವಷ್ಟು ಅಗಲದ ಒಂದು ಸಾಲು. ನಿಧಾನದವಳು ಒಬ್ಬಳೇ ಹಿಂದುಳಿದು ನಡುಗದ್ದೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತಾಳೆ. ಬೇರೆ ಗುಂಪುಗಳಲ್ಲಿ ಅಂಥವಳ ಸುತ್ತ ಬೇಕೆಂದೇ ಸಸಿ ಊರಿ, ದಾರಿ ಮುಚ್ಚಿ, ನಕ್ಕು ಗೋಳುಹೊಯ್ದುಕೊಳ್ಳುತ್ತಾರೆ. ಅವ್ವನ ಗುಂಪಿನಲ್ಲಿ ಅದಿಲ್ಲ. ಯಾರ ಕೈ ನಿಂತಿತೋ ಅವರ ಎಡಬಲದವರು ಕೇಳದೆ ಹೇಳದೆ ಕೈಚಾಚಿ ಅವಳ ಸಾಲಿಗೂ ನಾಲ್ಕು ಸಸಿ ಊರಿಬಿಡುತ್ತಾರೆ. ಎರಡು ಹೆಜ್ಜೆಯಲ್ಲಿ ಅವಳು ಬಂದು ಸೇರಿಕೊಳ್ಳುತ್ತಾಳೆ. ಚಿಗವ್ವನ ಎಡಕ್ಕೆ ಅವ್ವ ನಿಲ್ಲುವುದೇ ಅದಕ್ಕೆ. ಅವ್ವ ಐದು ನಿಮಿಷಕ್ಕೊಮ್ಮೆ ಬಲಗಡೆ ಒಂದು ನೋಟ ಹಾಕುವುದನ್ನು ನಾನು ಅವತ್ತು ಗಮನಿಸಿದೆ, ಆದರೆ ಅದರ ಬಗ್ಗೆ ಏನೂ ಯೋಚಿಸಲಿಲ್ಲ.

ನಾಟಿ ಮುಗಿದ ಮೇಲೆ, ಕಲಿತದ್ದನ್ನು ಆಡಿ ನೋಡಲಿ ಎಂದು ನಾಲ್ವರನ್ನೂ ಹಂಪಿಗೆ ಕರೆದುಕೊಂಡು ಹೋದೆ. ಹೊಳೆಯ ದಂಡೆಯಲ್ಲಿ ತೆಪ್ಪಕ್ಕೆ ಕಾಯುತ್ತಾ ಒಬ್ಬ ವಿದೇಶಿ ಹೆಂಗಸು ಬಾಳೆಹಣ್ಣು ತಿನ್ನುತ್ತಿದ್ದರು. ಅವ್ವ, ವಾರಗಿತ್ತಿಯರು ನಾಚಿ ನನ್ನ ಬೆನ್ನ ಹಿಂದೆ ಸೇರಿದರು. ಚಿಗವ್ವ ಸೀದಾ ಹೋಗಿ ಅವರ ಪಕ್ಕದಲ್ಲಿ ಕುಳಿತು ನಗುತ್ತಾ ಹೇಳಿದಳು: “ಯು ಕಮ್, ಕೇಮ್, ಕಮ್. ಯು ಈಟ್, ಏಟ್, ಈಟನ್?”

ನಾನು ಹಣೆ ಹಣೆ ಚಚ್ಚಿಕೊಂಡೆ. ಆ ಹೆಂಗಸು ಒಂದು ಕ್ಷಣ ತಬ್ಬಿಬ್ಬಾಗಿ, ಆಮೇಲೆ ನಕ್ಕು, ಹಣ್ಣನ್ನು ಮುರಿದು ಅರ್ಧ ಚಿಗವ್ವನ ಕೈಗಿಟ್ಟರು. ಇಬ್ಬರೂ ಹೊಳೆ ನೋಡುತ್ತಾ ತಿಂದರು.

“ಮೂರೂ ಯಾಕೆ ಹೇಳಿದೆ ಚಿಗವ್ವಾ? ಒಂದು ಹೇಳಬೇಕು” ಎಂದು ಬಸ್ಸಿನಲ್ಲಿ ತಿದ್ದಿದೆ.

“ಯಾವುದು ಬೇಕು ಅಂತ ನಂಗೇನು ಗೊತ್ತವ್ವಾ? ಮೂರೂ ಕೊಟ್ಟೆ. ಬೇಕಾದ್ದು ಆರಿಸ್ಕೊಂಡ್ಲು ಆಕಿ. ಹಣ್ಣು ಕೊಟ್ಟಳಿಲ್ಲೋ?”



ಪರೀಕ್ಷೆ ಬಂತು. ಇಂಗ್ಲಿಷ್ ಪತ್ರಿಕೆಯ ದಿನ ನಾನು ರಜೆ ಹಾಕಿ ಅವರ ಜೊತೆಗೇ ಹೋದೆ. ಕೇಂದ್ರದ ಗೇಟಿನಿಂದ ದೂರ, ಮುಚ್ಚಿಸಿದ್ದ ಜೆರಾಕ್ಸ್ ಅಂಗಡಿಯ ಮುಂದಿನ ಹೊಂಗೆ ಮರದ ಕೆಳಗೆ ನಿಂತೆ. ನಾಲ್ವರೂ ಒಟ್ಟಿಗೇ ಅರ್ಜಿ ಹಾಕಿದ್ದರಿಂದ ನಾಲ್ವರ ನಂಬರೂ ಒಂದೇ ಕೋಣೆಗೆ ಬಿದ್ದಿತ್ತು. ಒಳಗೆ ನಡೆದದ್ದನ್ನು ಆಮೇಲೆ ನಾಲ್ಕು ಬಾಯಿಯಿಂದ ಕೇಳಿ ಜೋಡಿಸಿಕೊಂಡಿದ್ದೇನೆ.

ಅವ್ವ ಬೇಗ ಬೇಗ ಬರೆದಿದ್ದಳು. ಕೊನೆಯ ಪತ್ರಲೇಖನವೊಂದೇ ಬಾಕಿ. ಇನ್ನೂ ಇಪ್ಪತ್ತು ನಿಮಿಷವಿತ್ತು. ಬೆನ್ನು ನೆಟ್ಟಗೆ ಮಾಡಿ, ಎಷ್ಟೋ ವರ್ಷದ ಅಭ್ಯಾಸದಂತೆ ಬಲಗಡೆ ಒಂದು ನೋಟ ಹಾಕಿದಳು. ಪಕ್ಕದ ಸಾಲಿನ ಬೆಂಚಿನಲ್ಲಿ ಚಿಗವ್ವ. ಅವಳ ಪೆನ್ನು ನಿಂತಿತ್ತು. ಕಣ್ಣು ತುಂಬಿತ್ತು. ಪ್ರಶ್ನೆಪತ್ರಿಕೆಯಲ್ಲಿ ಅವಳ ಬೆರಳು ಊರಿದ್ದು ‘ಚೂಸ್’ ಎಂಬ ಪದದ ಮೇಲೆ. ಸರಿಯಾದ ರೂಪ ತುಂಬಬೇಕಿತ್ತು. ಅವ್ವನಿಗೆ ಪರೀಕ್ಷೆ, ಕೋಣೆ, ಗೋಡೆಯ ಮೇಲಿನ ಕ್ಯಾಮೆರಾ ಯಾವುದೂ ನೆನಪಾಗಲಿಲ್ಲವಂತೆ. ಕಂಡದ್ದು ನಿಂತ ಕೈ ಮಾತ್ರ. ಬಾಯಿ ತಾನಾಗಿ ತೆರೆಯಿತು.

“ಚೂಸ್…”

ಹಿಂದಿನ ಬೆಂಚುಗಳಿಂದ ವಾರಗಿತ್ತಿಯರಿಬ್ಬರೂ, ಬಗ್ಗಿದ ತಲೆ ಎತ್ತದೆ, ಗದ್ದೆಯ ಅದೇ ಏರುದನಿಯಲ್ಲಿ, “ಚೋಸ್… ಚೋಸನ್!” ಎಂದು ಮುಗಿಸಿದರು.

ಇಡೀ ಕೋಣೆಯಲ್ಲಿ ನಗು ಸಿಡಿಯಿತು. ನಗುವಿನ ನಡುವೆ ಕೆಲವರು ಸರಸರ ಬರೆದುಕೊಂಡರು. ಮೇಲ್ವಿಚಾರಕರು ಓಡಿ ಬಂದು ಅವ್ವನ ಉತ್ತರಪತ್ರಿಕೆ ಕಸಿದುಕೊಂಡು, ಅವಳನ್ನು ಮುಖ್ಯಸ್ಥರ ಕೋಣೆಗೆ ಕರೆದೊಯ್ದರು.

ಮುಖ್ಯಸ್ಥೆ ಒಬ್ಬ ಹಿರಿಯ ಮೇಡಂ. ತಪ್ಪೊಪ್ಪಿಗೆ ಬರೆಯಿರಿ ಎಂದು ಬಿಳಿ ಹಾಳೆ ಕೊಟ್ಟರು. ಅವ್ವ ದುಂಡಗೆ ಬರೆದಳು: ಕೂಗಿದವಳು ನಾನು. ನನ್ನನ್ನು ಯಾರೂ ಕೇಳಲಿಲ್ಲ. ನಾವು ನಾಟಿ ಮಾಡುವವರು, ಪಕ್ಕದವಳ ಕೈ ನಿಂತರೆ ನಮ್ಮ ಬಾಯಿ ಸುಮ್ಮನಿರುವುದಿಲ್ಲ. ಶಿಕ್ಷೆ ನನಗೊಬ್ಬಳಿಗೇ ಕೊಡಿ. ಮೇಡಂ ಅದನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರಂತೆ. ಅಳುತ್ತಿದ್ದರೋ ನಗುತ್ತಿದ್ದರೋ ಅವ್ವನಿಗೆ ತಿಳಿಯಲಿಲ್ಲ. “ಬಾಕಿ ಇರೋ ಟೈಮು ನಿಮಗಿಲ್ಲ. ಬರದಷ್ಟ ಸಾಕು. ಇಲ್ಲೇ ಕುಂದ್ರಿ, ಬಾಯಿ ಮುಚ್ಕೊಂಡು” ಎಂದರು. ಅಷ್ಟಕ್ಕೇ ಬಿಟ್ಟರು, ಮೇಲಕ್ಕೆ ಬರೆದು ಕಳಿಸಲಿಲ್ಲ. ಆದರೆ ಪತ್ರಲೇಖನ ಖಾಲಿಯೇ ಉಳಿಯಿತು.

ಹೊರಗೆ ಬಂದು ಇದನ್ನು ಹೇಳಿದಾಗ ನಾನು ರಸ್ತೆಯ ಮೇಲೇ ಹಾರಾಡಿದೆ. “ಒಂದು ವರ್ಷ! ಪ್ರತಿ ಶನಿವಾರ ಬಸ್ಸಿನಲ್ಲಿ ಜೋತಾಡಿಕೊಂಡು ಬಂದೆ. ನಿನ್ನ ಮಂಡಿಗೋಸ್ಕರ! ಇಪ್ಪತ್ತು ನಿಮಿಷ ಬಾಯಿ ಮುಚ್ಚಿಕೊಂಡಿರೋಕೆ ಆಗಲಿಲ್ಲವಾ? ಬೇರೆಯವರ ಸಾಲು ನಿನಗೇಕೆ?”

ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಅವಳು ದನಿ ಏರಿಸಲಿಲ್ಲ.

“ನೀ ಟೆಂತ್ ಬರೆಯೋ ಮುಂದ ಆರು ದಿನ ನಿನ್ನ ಕರಕೊಂಡು ಬಂದು ಹಿಂಗ ಗೇಟಿನ ಹೊರಗ ನಿಂತಿದ್ದೆ. ಆ ವರ್ಷ ಕಾಲವಿ ನೀರು ತಡ ಆಗಿ, ನೆಲ್ಲು ಹಚ್ಚೋ ಹಂಗಾಮು ಅದು. ಆ ಆರು ದಿನ ಗದ್ಯಾಗ ನನ್ನ ಸಾಲು ಯಾರು ಹಚ್ಚಿದ್ರು ಅಂತ ಗೊತ್ತೇನು ನಿಂಗ?”

ನನಗೆ ಗೊತ್ತಿರಲಿಲ್ಲ. ಕೇಳಿಯೂ ಇರಲಿಲ್ಲ. ಚಿಗವ್ವ ತಲೆ ತಗ್ಗಿಸಿ ಕಾಲ್ಬೆರಳಿನಿಂದ ಮಣ್ಣು ಕೆದಕುತ್ತಿದ್ದಳು.

“ಈ ನಿಧಾನದಾಕಿನ. ಎರಡೆರಡು ಸಾಲು ಹಿಡದು, ಹೊತ್ತು ಮುಣುಗಿದ ಮ್ಯಾಲೂ ಒಬ್ಬಾಕಿನ ನಿಂತು ಮುಗಿಸ್ಯಾಳ. ಆಗ ಆಕಿ, ‘ಬ್ಯಾರೇರ ಸಾಲು ನಂಗ್ಯಾಕ’ ಅಂದಿದ್ರ ನೀ ಟೀಚರ್ ಆಗತಿದ್ದೇನಲೇ?”

ಕೆಟ್ಟ ಅವಮಾನವಾಯಿತು, ಅದೂ ಬೇರೆ ಯಾರಿಂದಲೂ ಅಲ್ಲ, ನನ್ನಿಂದಲೇ. ಆ ಸೀಮೆಸುಣ್ಣದ ಚೂರುಗಳು ಅಂಗೈಗೆ ಬಿದ್ದದ್ದು ನೆನಪಾಯಿತು.

ಚಿಗವ್ವ ಆಗ ಬಿಕ್ಕಿದಳು. “ಇಷ್ಟೆಲ್ಲಾ ಆಗಿ, ನಾ ಅದನ್ನ ಬರೀಲೇ ಇಲ್ಲವ್ವ. ನಿಮ್ಮವ್ವನ ಎಳಕೊಂಡು ಹೋದ್ರಲ್ಲ, ಅಂಜಿ ಪೆನ್ನ ಕೆಳಗ ಇಟ್ಟುಬಿಟ್ಟೆ.”

ನಾವು ಅಳಬೇಕೋ ನಗಬೇಕೋ ತಿಳಿಯದೆ ನಿಂತಿದ್ದಾಗ ದಪ್ಪ ಮೀಸೆಯ ಒಬ್ಬರು ಹತ್ತಿರ ಬಂದರು. ಸಂಡೂರಿನ ಗಣಿಯೊಂದರಲ್ಲಿ ಸೆಕ್ಯುರಿಟಿ ಕೆಲಸದವರಂತೆ. ಬಡ್ತಿಗೆ ಟೆಂತ್ ಬೇಕೆಂದು ಅದೇ ಕೋಣೆಯಲ್ಲಿ ಬರೆಯುತ್ತಿದ್ದರು. ಅವ್ವನಿಗೆ ಕೈಮುಗಿದು, “ಅಕ್ಕಾರ, ನಿಮ್ಮಿಂದ ಭಾಳ ಉಪಕಾರ ಆತ್ರಿ. ನಾ ಚೂಸ್ಡ್ ಅಂತ ಬರದಿದ್ದೆ, ಹೊಡದು ಹಾಕಿ ಸರಿ ಮಾಡಿದೆ. ಕಬ್ಬಿನ ಹಾಲು ಕುಡದು ಹೋಗ್ರಿ” ಎಂದರು. ದೊಡ್ಡ ವಾರಗಿತ್ತಿ ಮೊದಲು ನಕ್ಕಳು. ಆಮೇಲೆ ಆರೂ ಜನ ಗಾಣದ ಗಾಡಿಯ ಮುಂದೆ ನಿಂತು ನಕ್ಕು ನಕ್ಕು ಕಬ್ಬಿನ ಹಾಲು ಕುಡಿದೆವು. ನಕಲಿಗೆ ನೆರವಾದ ಅಪರಾಧಿಯ ಜೊತೆ, ನಕಲು ಹೊಡೆದವರ ಖರ್ಚಿನಲ್ಲಿ, ಇಂಗ್ಲಿಷ್ ಟೀಚರು ಎರಡು ಗ್ಲಾಸು ಕುಡಿದಳು.

ಫಲಿತಾಂಶ ಬಂದಾಗ ಅವ್ವ ಕೂದಲೆಳೆಯಲ್ಲಿ ಪಾರಾಗಿದ್ದಳು. ವಾರಗಿತ್ತಿಯರಿಬ್ಬರೂ ಆರಾಮಾಗಿ ಪಾಸು. ಚಿಗವ್ವ ಉಳಿದೆಲ್ಲ ದಾಟಿ ಇಂಗ್ಲಿಷ್ ಒಂದರಲ್ಲೇ ಡುಮ್ಕಿ ಹೊಡೆದಿದ್ದಳು. ಜೂನಿನಲ್ಲಿ ಅವ್ವನಿಗೆ ಹಾಸ್ಟೆಲಿನ ಕೆಲಸ ಸಿಕ್ಕಿತು. ಮೊದಲ ದಿನ ಅವಳು ಚಪ್ಪಲಿ ಹಾಕಿಕೊಂಡು ಕೆಲಸಕ್ಕೆ ಹೋದಳು. ಹಾಸ್ಟೆಲಿನಲ್ಲಿ ಇನ್ನೂ ಒಂದು ಜಾಗ ಖಾಲಿ ಇದೆ, ಮರುಪರೀಕ್ಷೆಯಲ್ಲಿ ಪಾಸಾದರೆ ಚಿಗವ್ವನಿಗೂ ಆಗಬಹುದು ಎಂದು ವಾರ್ಡನ್ ಹೇಳಿದ್ದರು.

ಮರುಪರೀಕ್ಷೆಯ ದಿನ ಗೊತ್ತಾದಾಗ ಚಿಗವ್ವ ಒಲ್ಲೆ ಎಂದಳು. ಕಾಲುವೆಗೆ ನೀರು ಬಿಟ್ಟಾಗಿತ್ತು. ಅವತ್ತು ದೊಡ್ಡ ಗದ್ದೆಯೊಂದನ್ನು ಗುಂಪು ಒಪ್ಪಿಕೊಂಡಿತ್ತು. “ನಿಮ್ಮವ್ವನ ಜಾಗ ಒಂದು ಖಾಲಿ ಆಗೈತಿ. ಮತ್ತ ನಂದೂ ಖಾಲಿ ಬಿಟ್ರ ಬಾಕಿದೋರ ಸೊಂಟ ಏನಾಗಬೇಕು? ಬ್ಯಾಡವ್ವ” ಎಂದಳು. ಅವ್ವ ಹೊಸ ಕೆಲಸ ಬಿಟ್ಟು ಬರುವಂತಿರಲಿಲ್ಲ.

“ನಿನ್ನ ಸಾಲಿಗೆ ನಾನು ನಿಲ್ಲುತ್ತೇನೆ” ಎಂದೆ. ಹೇಳಿದ ಮೇಲೆ ನನಗೇ ದಿಗಿಲಾಯಿತು. ಚಿಗವ್ವ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ನೀನಾ?” ಎಂದು ನಕ್ಕಳು. ಆದರೂ ಹೋದಳು. ನಾನು ಶಾಲೆಗೆ ‘ಸ್ವಂತ ಕೆಲಸ’ ಎಂದು ರಜಾ ಅರ್ಜಿ ಬರೆದುಕೊಟ್ಟೆ.

ಹದಿನೈದು ವರ್ಷದ ಮೇಲೆ ಗದ್ದೆಗೆ ಇಳಿದಿದ್ದೆ. ಮೊದಲ ಅರ್ಧ ಗಂಟೆ ಹುರುಪಿನಲ್ಲಿ ಹೋಯಿತು. ಆಮೇಲೆ ಸೊಂಟ ನನ್ನದಲ್ಲ ಎನ್ನಿಸಿತು. ನಾನು ಊರಿದ ಸಸಿಗಳು ಕೈ ತೆಗೆದ ಕೂಡಲೇ ತೇಲುತ್ತಿದ್ದವು. ಎಡಕ್ಕೆ ದೊಡ್ಡ ವಾರಗಿತ್ತಿ, ಬಲಕ್ಕೆ ಸಣ್ಣವಳು. ಇಬ್ಬರೂ ನನ್ನ ತೇಲಿದ ಸಸಿಗಳನ್ನು ಮತ್ತೆ ಊರಿ, ನನ್ನ ಸಾಲಿಗೂ ನಾಲ್ಕು ನಾಲ್ಕು ಹಚ್ಚುತ್ತಾ ಹಿಂದೆ ಸರಿದರು. ಯಾರೂ, “ಎಷ್ಟು ಸಲ ಹೇಳಬೇಕು” ಎನ್ನಲಿಲ್ಲ. “ನಿಮ್ಮ ತಲೆಯಲ್ಲಿ ಏನಿದೆ” ಎಂದೂ ಕೇಳಲಿಲ್ಲ. ಆದರೂ ಎಷ್ಟೆಂದು ತುಂಬಿಕೊಟ್ಟಾರು? ಮಧ್ಯಾಹ್ನದ ಹೊತ್ತಿಗೆ ಸಾಲೆಲ್ಲ ಬದು ಮುಟ್ಟಿ ಬುತ್ತಿ ಬಿಚ್ಚಿತ್ತು. ನಡುಗದ್ದೆಯಲ್ಲಿ ಮೊಣಕಾಲುದ್ದ ಕೆಸರಿನಲ್ಲಿ, ಕೈಯಲ್ಲಿ ಸಸಿ ಹಿಡಿದು, ನಾನೊಬ್ಬಳೇ ನಿಂತಿದ್ದೆ. ಗದ್ದೆಯ ಮಾಲೀಕರು ಬದುವಿನ ಮೇಲಿಂದ, “ಟೀಚರ್, ಸಪ್ಲಿಮೆಂಟರಿ ಕಟ್ಟೀರೇನು?” ಎಂದು ಕೂಗಿದರು.

ಆಗ ಚಿಗವ್ವ ಬಂದಳು. ಪರೀಕ್ಷೆಗೆಂದು ಉಟ್ಟಿದ್ದ ಒಳ್ಳೆಯ ಸೀರೆ, ಕೈಯಲ್ಲಿ ಪೆನ್ನಿನ ಪೌಚು. ನನ್ನನ್ನು ನೋಡಿ ಬದುವಿನ ಮೇಲೆ ಕುಕ್ಕರಿಸಿ ನಕ್ಕಳು. ಆಮೇಲೆ ಪೌಚನ್ನು ಬುತ್ತಿಯ ಮೇಲಿಟ್ಟು, ಸೀರೆ ಎತ್ತಿ ಕಟ್ಟಿ ಗದ್ದೆಗೆ ಇಳಿದಳು.

“ಹೇಗಾಯ್ತು ಚಿಗವ್ವಾ? ಎಲ್ಲಾ ಬರೆದೆಯಾ?”

“ಬರದೀನಿ, ಬರದೀನಿ. ಅದಿರಲಿ, ಆ ಕಟ್ಟು ಇತ್ಲಾಗ ಕೊಡು.”

ಅವಳು ಪಾಸಾದದ್ದು ನಮಗೆ ತಿಳಿದದ್ದು ತಿಂಗಳ ಮೇಲೆ. ಈಗ ಹಾಸ್ಟೆಲಿನಲ್ಲಿ ಅವ್ವ ಸಾರು ಮಾಡಿದರೆ ಚಿಗವ್ವ ಮುದ್ದೆ ತಿರುವುತ್ತಾಳೆ, ನಿಧಾನವಾಗಿ. ಆ ಮಧ್ಯಾಹ್ನ ಮಾತ್ರ ಯಾರಿಗೂ ಏನೂ ಗೊತ್ತಿರಲಿಲ್ಲ. ಚಿಗವ್ವ ನನ್ನ ಕೈಯಿಂದ ಅರ್ಧ ಕಟ್ಟು ಸಸಿ ತೆಗೆದುಕೊಂಡು, ನನ್ನ ಎಡಕ್ಕೆ ಬಂದು ನಿಂತು, ಅರ್ಧ ಸಾಲು ತಾನು ಹಿಡಿದಳು. ಬಗ್ಗುವ ಮೊದಲು ನನ್ನ ಕಡೆ ಒಂದು ನೋಟ ಹಾಕಿ, ರಾಗವಾಗಿ ಎಳೆದಳು.

“ಚೂಸ್…”

ನಾನು ಬಗ್ಗಿ ಸಸಿ ಊರುತ್ತಾ, ಬದುವಿನ ಮೇಲಿದ್ದ ಎಲ್ಲರಿಗೂ ಕೇಳುವಂತೆ ಉಳಿದೆರಡನ್ನೂ ಕೂಗಿದೆ.